‘ಬಿಡು’ ಎಂದ ಬಂದೂಕು

ಎಂಬತ್ತು ದಾಟಿದ ಅಜ್ಜಿ ಊರುಗೋಲನ್ನು ಭುಜಕ್ಕೊತ್ತಿ, ಫ್ಯಾನಿನತ್ತ ಗುರಿಯಿಟ್ಟು, “ಬಿಡು!” ಎಂದು ಗುಡುಗಿದರು. ಅಡುಗೆಮನೆಯಿಂದ ಬರುತ್ತಿದ್ದ ಸೊಸೆ ಬೆಚ್ಚಿಬಿದ್ದು ಚಕ್ಕುಲಿ ತಟ್ಟೆಯನ್ನು ಬಿಟ್ಟೇಬಿಟ್ಟರು.

ಶೂಟಿಂಗ್ ಸ್ಪರ್ಧೆಗಳ ಹುಚ್ಚಿನ ನಾನು ಚೆನ್ನೈನ ಪುರಸೈವಾಕ್ಕಂನಲ್ಲಿದ್ದ ಆ ಮನೆಗೆ ಹೋಗಿದ್ದು, ಪರವಾನಗಿ ಸಮೇತ ಕೊಂಡಿದ್ದ ಒಂದು ಹಳೇ ಜೋಡಿನಳಿಗೆ ಬಂದೂಕಿನ ಜಾಡು ಹಿಡಿದು. ಅದರ ಮರದ ಹಿಡಿಯನ್ನು ಯಾರೋ ಕತ್ತರಿಸಿ ಗಿಡ್ಡ ಮಾಡಿದ್ದರು. ಮೇಲೆ ಕನ್ನಡದಲ್ಲಿ ‘ಬಿಡು’ ಎಂದು ಕೆತ್ತಿತ್ತು. ‘ಕೊಲ್ಲುವುದನ್ನು ಬಿಡು’ ಎಂದು ಬೇಟೆಯಿಂದ ಬೇಸತ್ತ ಯಾರೋ ಶಿವಭಕ್ತರು ತಮಗೇ ಹೇಳಿಕೊಂಡ ವೈರಾಗ್ಯವಿರಬೇಕು ಎಂದುಕೊಂಡು, ಊರಿನ ಕನ್ನಡ ಮನೆಗಳಲ್ಲೆಲ್ಲ ಅಂಥ ಹಿರಿಯರನ್ನು ಹುಡುಕುತ್ತಿದ್ದೆ.

ಫೋನಿನಲ್ಲಿ ಅದರ ಫೋಟೊ ತೋರಿಸಿ, “ಇದು ನಿಮ್ಮ ಯಜಮಾನ್ರದ್ದಾ ಅಮ್ಮಾ?” ಎಂದೆ.

“ಯಾವ ಯಜಮಾನ್ರಪ್ಪಾ? ಅದು ನಂದು! ನನ್ನ ಕೈ ಗಿಡ್ಡ ಅಂತ ಹಿಡಿ ಕತ್ತರಿಸಿದ್ದು. ನಾನು ಒಂದು ಗುಬ್ಬಿನೂ ಹೊಡೆದವಳಲ್ಲ, ಸ್ಪರ್ಧೇಲಿ ಗಾಳಿಗೆ ಹಾರಿಸೋ ಮಣ್ಣಿನ ಬಿಲ್ಲೆ ಮಾತ್ರ. ಯಂತ್ರದ ಹತ್ರ ಇರೋನು ಬಿಲ್ಲೆ ಹಾರಿಸ್ಲಿ ಅಂತ ಎಲ್ಲರೂ ಇಂಗ್ಲಿಷಲ್ಲಿ ‘ಪುಲ್’ ಅಂತ ಕೂಗೋರು. ನನ್ನ ಬಾಯಲ್ಲಿ ‘ಬಿಡು’ ಅಂತಲೇ ಬರ್ತಿತ್ತು. ತಮಿಳಿನವರಿಗೂ ತಿಳೀತಿತ್ತು, ಅವರ ಭಾಷೇಲಿ ಅದು ‘ವಿಡು’ ತಾನೇ! ಅದನ್ನೇ ಕೆತ್ತಿಸ್ಕೊಂಡೆ,” ಎಂದು ಅಜ್ಜಿ ಕುಲುಕುಲು ನಕ್ಕರು. ತಾವು ಹೇಗೆ ಕೂಗುತ್ತಿದ್ದರೆಂದು ತೋರಿಸಲು ಹೋದಾಗಲೇ ಚಕ್ಕುಲಿ ನೆಲ ಕಂಡದ್ದು. ಚೂರುಗಳನ್ನು ಆರಿಸಿ ತಿನ್ನುತ್ತಾ ಮೂವರೂ ನಕ್ಕಿದ್ದೇ ನಕ್ಕಿದ್ದು.

ಮರುವಾರ ಮೈದಾನದಲ್ಲಿ ಅದೇ ಬಂದೂಕು ಹಿಡಿದು ‘ಪುಲ್’ ಎನ್ನಲು ಬಾಯಿ ತೆರೆದೆ. “ಬಿಡು!” ಎಂದೇ ಹೊರಬಿತ್ತು. ಬಿಲ್ಲೆ ಠೀವಿಯಿಂದ ಹಾರಿತು. ಗುರಿ ತಪ್ಪಿತು, ಬಿಡಿ.