ಓದದೆ ಒತ್ತಿದ ಯೆಸ್

ಗಿರಿಜಕ್ಕ, ಆ ಪ್ರಶ್ನೆಪತ್ರಿಕೆ ಬಯಲಾದದ್ದು ನನ್ನಿಂದ. ನಿಮ್ಮಿಂದಲ್ಲ.

ಎಂಎಸ್ಸಿ ಮುಗಿಸಿ ಕೆಲಸವಿಲ್ಲದೆ ಕೊಟ್ಟೂರಿನಲ್ಲಿ ತಿರುಗುತ್ತಿದ್ದ ನನಗೆ, ನಿಮ್ಮ ಡಿಟಿಪಿ ಅಂಗಡಿಯ ಕಂಪ್ಯೂಟರನ್ನು ಮಧ್ಯಾಹ್ನದ ಹೊತ್ತು ಬಿಟ್ಟುಕೊಟ್ಟಿರಿ. ನಾನು ಅದಕ್ಕೆ ಇಂಟರ್ನೆಟ್ಟಿನಲ್ಲಿ ಹಾಡು ಹಂಚಿಕೊಳ್ಳುವ ಸಾಫ್ಟ್‌ವೇರ್ ಹಾಕಿದೆ. ಹಡಗಲಿಯಲ್ಲಿ ಕಂಪ್ಯೂಟರ್ ಅಂಗಡಿಯಿಟ್ಟಿದ್ದ ಗೆಳೆಯನ ಬಳಿಯೂ ಅದೇ ಇತ್ತು. ಅವನ ಹಾಡು ನನಗೆ, ನನ್ನವು ಅವನಿಗೆ. ಹಾಕುವಾಗ ಅದು ಏನೇನೋ ಕೇಳಿತು — ಎಲ್ಲದಕ್ಕೂ ಯೆಸ್ ಒತ್ತಿದೆ. ಮರುದಿನದಿಂದ ಪರದೆಯ ತುಂಬ ಜಾಹೀರಾತು.

“ಇವನ್ನ ಯಾರು ಕರದ್ರೋ ತಮ್ಮಾ? ಬೀಗರಂಗ ಬಂದು ಕುಂತಾವಲ್ಲ!” ಎಂದು ನಕ್ಕಿರಿ. ಇಂಥ ಸಾಫ್ಟ್‌ವೇರಿನ ಬೆನ್ನಿಗೆ ಕಂಪ್ಯೂಟರಿನೊಳಗೆ ಕದ್ದು ಇಣುಕುವ ಸ್ಪೈವೇರ್ ಬರುತ್ತದೆಂದು ಓದಿ ಬಲ್ಲವನು ನಾನು — ನಾನೂ ನಕ್ಕೆ.

ಹಡಗಲಿಯವರೆಗಿನ ಶಾಲೆಗಳಿಗೆಲ್ಲ ಒಂದೇ ಆಗಿದ್ದ ಅರ್ಧವಾರ್ಷಿಕ ಪರೀಕ್ಷೆಯ ಪತ್ರಿಕೆಗಳನ್ನು ನೀವೇ ಟೈಪ್ ಮಾಡುತ್ತಿದ್ದಿರಿ. ಹೆಡ್‌ಮಾಸ್ತರರು ಪಕ್ಕದಲ್ಲೇ ಕುಳಿತು, ಫ್ಲಾಪಿಯನ್ನು ಜೇಬಿಗಿಳಿಸಿ, ಕಂಪ್ಯೂಟರಿನಲ್ಲಿದ್ದುದನ್ನು ಅಳಿಸಿಸಿಯೇ ಏಳುತ್ತಿದ್ದರು. ಒಮ್ಮೆ ಫ್ಲಾಪಿ ಕೆಟ್ಟು, ನೀವು ಎಲ್ಲವನ್ನೂ ಮತ್ತೆ ಟೈಪ್ ಮಾಡಬೇಕಾಯಿತು. “ಒಂದು ಕಾಪಿ ಗುಟ್ಟಾಗಿ ಇಟ್ಕೊಳ್ರಿ ಅಕ್ಕ, ಯಾರು ನೋಡ್ತಾರ?” ಎಂದವನು ನಾನು. ಅಂದಿನಿಂದ ನೀವು ಇಟ್ಟುಕೊಂಡಿರಿ.

ಹಾಡಿನ ಫೋಲ್ಡರನ್ನಷ್ಟೇ ಹಂಚಲು ಬಿಟ್ಟಿದ್ದೆ — ಹಾಗೆಂದು ನೆನಪು. ಸಾಫ್ಟ್‌ವೇರ್ ತಾನಾಗಿ ಅಪ್‌ಡೇಟ್ ಆಗಿ ಇಡೀ ಡಿಸ್ಕನ್ನೇ ತೆರೆದಿಟ್ಟಿತೋ, ಮೊದಲ ದಿನದ ನನ್ನ ಯೆಸ್‌ಗಳಲ್ಲೊಂದು ತೆರೆದಿತ್ತೋ... ತಪ್ಪನ್ನು ಯಂತ್ರಕ್ಕೆ ದಾಟಿಸುವ ನೆನಪನ್ನು ನಾನು ನಂಬಲಾರೆ.

ಗೆಳೆಯ ಫೋನ್ ಮಾಡಿದ. “ಲೇ, ನಿನ್ನ ಹಾಡಿನ ಜೊತಿಗೆ ಹತ್ತನೇ ಕ್ಲಾಸಿನ ಗಣಿತ ಪೇಪರ್ ಬಂದೈತಲ್ಲೋ! ಇಲ್ಲಿ ಎಲ್ಲಾರೂ ಜೆರಾಕ್ಸ್ ಮಾಡಿಸ್ಯಾರ.”

ಸಂಜೆ ಹೆಡ್‌ಮಾಸ್ತರರು ಅಂಗಡಿಗೆ ಬಂದರು. “ಫ್ಲಾಪಿ ನನ್ನ ಜೇಬಿನಾಗ ಐತಿ. ಹಂಗಾರ ಹೊರಗ ಕೊಟ್ಟೋರು ಯಾರಮ್ಮ?”

ನೀವು ನನ್ನತ್ತ ನೋಡಿದಿರಿ. ಆ ನೋಟ ನಿಜವಾಗಿ ಇತ್ತೋ, ನಾನೇ ಆಮೇಲೆ ಸೇರಿಸಿಕೊಂಡೆನೋ — ತಿಳಿಯದು. ಕಾಪಿ ಇಡಲು ಹೇಳಿದವನು ಇವನೇ ಎಂದು ಮಾತ್ರ ನೀವು ಹೇಳಲಿಲ್ಲ.

“ನನಗೇನು ಗೊತ್ರಿ ಸರ್” ಎಂದೆ.

ಆಮೇಲೆ ಯಾವ ಶಾಲೆಯವರೂ ನಿಮ್ಮ ಮೆಟ್ಟಿಲು ಹತ್ತಲಿಲ್ಲ. ಪೇಪರ್ ಮಾರಿದಾಕಿ ಎಂಬ ಹೆಸರು ನಿಮಗೆ ಉಳಿಯಿತು. ಬೋರ್ಡು ಇಳಿಸುವ ದಿನ ಏಣಿ ಹಿಡಿದುಕೊಂಡವನೂ ನಾನೇ.

ಇನ್ನೊಂದಿದೆ. ಅಂದು ಹೆಡ್‌ಮಾಸ್ತರರು ಬರುವ ಮೊದಲೇ ಅಂಗಡಿಗೆ ಬಂದು, ನಿಮ್ಮ ಪರ ಇದ್ದ ಒಂದೇ ಸಾಕ್ಷಿಯಾದ ಆ ಸಾಫ್ಟ್‌ವೇರನ್ನು ಕಿತ್ತುಹಾಕಿದ್ದೆ. ನಿಜವಾಗಿಯೂ ತೆಗೆಯಬೇಕೇ ಎಂದು ಅದು ಕೇಳಿತು. ಅದರ ಎಲ್ಲ ಪ್ರಶ್ನೆಗಳಲ್ಲಿ ನಾನು ಪೂರ್ತಿ ಓದಿದ್ದು ಅದೊಂದನ್ನೇ. ಎರಡು ಸಲ ಓದಿದೆ. ಆಮೇಲೆ ಯೆಸ್ ಒತ್ತಿದೆ.

ಈ ನೆನಪಿನ ಬಗ್ಗೆ ನನಗೆ ಅನುಮಾನವಿಲ್ಲ.