ಆಷಾಢದಲ್ಲೊಂದು ಆಪರೇಷನ್

ಯುಗಾದಿ ಬ್ಲೌಸಿಗೆ ಅಳತೆ ಕೊಡಲು ಕೈ ಚಾಚಿ ನಿಂತಿದ್ದೆ. ಬೆನ್ನ ಹಿಂದೆ ಟೇಪು ಹಿಡಿದಿದ್ದ ಮಂಜುಳಾ ಮೆಲ್ಲಗೆ ಹೇಳಿದಳು: “ಮಿಸ್, ಎದೆ ಎತ್ತರಿಸೋ ಆಪರೇಷನ್ ಮಾಡಿಸ್ಕೋಬೇಕು ಅಂತಿದೀನಿ. ಯಾರಿಗೂ ಹೇಳ್ಬೇಡಿ.”

(ಈಗ ಅವಳೇ ಬರೆಯಿರಿ ಎಂದಿದ್ದಾಳೆ. ಹೆಸರು ಮಾತ್ರ ಬೇರೆ.)

ಹಲಸೂರಿನಲ್ಲಿ ಅವಳದು ಪುಟ್ಟ ಟೈಲರಿಂಗ್ ಅಂಗಡಿ. ನನ್ನ ಹಳೆಯ ವಿದ್ಯಾರ್ಥಿನಿ. ನಾನು ರಿಟೈರಾದರೂ ಅವಳಿಗೆ ಮಿಸ್ಸೇ. ಎರಡು ಹೆರಿಗೆ, ಆಮೇಲೆ ಹಟ ಹಿಡಿದು ಇಳಿಸಿದ ತೂಕ. ಎದೆ ಜೋತುಬಿದ್ದು ಬೇಸಿಗೆಯಲ್ಲಿ ಅಡಿಯ ಚರ್ಮವೆಲ್ಲ ಕೆಂಪು. ಊರಿಗೆಲ್ಲ ಅಚ್ಚುಕಟ್ಟಾಗಿ ಬ್ಲೌಸ್ ಹೊಲಿಯುವವಳು ತಾನು ದೊಗಳೆ ಚೂಡಿದಾರ್ ತೊಟ್ಟು, ಅಂಗಡಿಯ ಕನ್ನಡಿಗೆ ಬೆನ್ನು ಹಾಕಿ ಕೂರುತ್ತಿದ್ದಳು.

ನಲವತ್ತೆರಡಕ್ಕೆ ಇದೆಲ್ಲ ಯಾಕೆ ಅನ್ನಿಸಿತು. ಆದರೆ ಅರವತ್ತೈದಕ್ಕೆ ನಾನು ಹಲ್ಲು ಕಟ್ಟಿಸಿಕೊಂಡಾಗ ಯಾರಾದರೂ ಹಾಗೆ ಕೇಳಿದ್ದರೇ?

ಮೊಬೈಲಿನಲ್ಲಿ ಬಂದ ಯಾವುದೋ ಜಾಹೀರಾತು ನೋಡಿ ಅವಳು ಹೊರಟೇಬಿಟ್ಟಿದ್ದಳು. ತಡೆದೆ. ಇಂದಿರಾನಗರದಲ್ಲಿ ಒಬ್ಬ ಡಾಕ್ಟರಮ್ಮ ಇದ್ದಾರೆಂದು ತಿಳಿದು, ಮೊದಲು ಅವರು ಅರ್ಹ ಪ್ಲಾಸ್ಟಿಕ್ ಸರ್ಜನ್ ಹೌದೋ ಅಲ್ಲವೋ ವಿಚಾರಿಸಿದೆವು. ಆಮೇಲೆ ಅವರ ಬಳಿ ಹೋದೆವು, ಪ್ರಶ್ನೆ ಬರೆದ ನೋಟ್‌ಬುಕ್ ಸಮೇತ.

ನಮಗಿಂತ ಹೆಚ್ಚು ಪ್ರಶ್ನೆ ಕೇಳಿದ್ದು ಡಾಕ್ಟರೇ. ಇನ್ನೂ ಮಕ್ಕಳು ಬೇಕೇ? ತೂಕ ಒಂದೇ ಸಮ ನಿಂತಿದೆಯೇ? ಯಾವ ಮಾತ್ರೆ ನುಂಗುತ್ತೀರಿ? ಮನೆಯಲ್ಲಿ ಯಾರಿಗಾದರೂ ಸ್ತನ ಕ್ಯಾನ್ಸರ್ ಇತ್ತೇ? ಮೊದಲು ಮ್ಯಾಮೊಗ್ರಾಮ್, ಆಮೇಲೆ ಮಿಕ್ಕಿದ್ದು ಎಂದರು. ಕಾಗದದ ಮೇಲೆ ಗೆರೆ ಎಳೆದು ಎಲ್ಲೆಲ್ಲಿ ಕೊಯ್ಯುತ್ತಾರೆಂದು ತೋರಿಸಿದರು. ಗುರುತು ಮಾಸುತ್ತದೆ, ಪೂರ್ತಿ ಹೋಗುವುದಿಲ್ಲ. ಮೊಲೆತೊಟ್ಟಿನ ಸ್ಪರ್ಶ ಕಡಿಮೆಯಾಗಬಹುದು. ವಯಸ್ಸಾದಂತೆ ಮತ್ತೆ ಸ್ವಲ್ಪ ಇಳಿಯುತ್ತದೆ. ಎಲ್ಲಕ್ಕೂ ಮಂಜುಳಾ ತಲೆಯಾಡಿಸಿದಳು.

ಒಂದಕ್ಕೆ ಮಾತ್ರ ಮುಖ ಸಪ್ಪಗಾಯಿತು. ಸುಮಾರು ಆರು ವಾರ ಭಾರ ಎತ್ತುವಂತಿಲ್ಲ, ಕೈ ಮೇಲೆತ್ತುವಂತಿಲ್ಲ. ಶಿವಾಜಿನಗರದಿಂದ ಲೈನಿಂಗ್ ಬಟ್ಟೆಯ ಗಂಟು ಹೊತ್ತು ತರುವವರು ಯಾರು? ಇಸ್ತ್ರಿ?

ಆಟೋದಲ್ಲಿ ಡಾಕ್ಟರ ಚೀಟಿ ಮಡಚಿ ಪರ್ಸಿನ ತಳಕ್ಕೆ ತುರುಕಿದಳು. “ಬಿಡಿ ಮಿಸ್. ಅಂಗಡಿ ಮುಚ್ಚಿದ್ರೆ ಗಿರಾಕಿಗಳು ಎದುರು ಅಂಗಡಿಗೆ ಹೋಗ್ತಾರೆ.”

ಮನೆಗೆ ಬಂದವಳೇ ಕ್ಯಾಲೆಂಡರ್ ತೆರೆದೆ. ಟೈಲರ್ ಕೈ ಖಾಲಿ ಇರುವುದು ಯಾವಾಗ? ಮದುವೆಗಳಿಲ್ಲದ ಆಷಾಢದಲ್ಲಿ! ಅಲ್ಲಿಗೆ ನಾಲ್ಕು ವಾರ. ಉಳಿದೆರಡು ವಾರ ಆರ್ಡರ್ ಬರೆದುಕೊಂಡು ಕೂತರಾಯಿತು.

ಮಂಜುಳಾ ಒಪ್ಪಿ, ನನ್ನನ್ನೂ ಜೊತೆಗೆ ಕೂರಿಸಿಕೊಂಡು ಮನೆಯಲ್ಲಿ ಹೇಳಿದಳು. ಆದರೆ ಅವಳ ಅತ್ತೆ ಒಪ್ಪಬೇಕಲ್ಲ? ಎರಡು ಮಕ್ಕಳ ತಾಯಿಗೆ ಈಗ ಯಾವ ಸಿನಿಮಾದಲ್ಲಿ ಪಾರ್ಟು ಸಿಕ್ಕಿದೆ ಎಂದು ಚುಚ್ಚಿದರು. ಅದೂ ಆಷಾಢದಲ್ಲಿ ಮೈಗೆ ಕತ್ತರಿಯೇ?

“ನಿಮ್ಮ ಕಣ್ಣಿನ ಆಪರೇಷನ್ ಯಾವಾಗ ಆಗಿದ್ದಮ್ಮ?” ಎಂದು ಕೇಳಿದೆ.

ಆಕೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. “ಆಷಾಢದಲ್ಲೇ. ಆಗ ಇವಳಿಗೆ ಕೆಲ್ಸ ಇರ್ಲಿಲ್ಲ. ಕಣ್ಣಿಗೆ ಡ್ರಾಪ್ಸ್ ಹಾಕೋಕೆ ಇವಳೇ ಬೇಕಿತ್ತು.” ಆಮೇಲೆ ಸೊಸೆಯ ಕಡೆ ತಿರುಗಿದರು. “ಗಂಟು ನಿನ್ನ ಗಂಡ ಹೊರ್ಲಿ. ಅಡುಗೆ ನಾನು ನೋಡ್ಕೋತೀನಿ.”

ಮ್ಯಾಮೊಗ್ರಾಮಿನಲ್ಲಿ ತೊಂದರೆಯೇನೂ ಕಾಣಲಿಲ್ಲ. ಆಷಾಢ ಬರುತ್ತಲೇ ಆಪರೇಷನ್ ಆಯಿತು. ನೋವಿತ್ತು, ಊತವಿತ್ತು. ಬಲಗಡೆಯ ಗಾಯ ಒಣಗಲು ತಡವಾಯಿತು. ಆರು ವಾರ ಕಳೆದ ಮೇಲೆ, ಕಳೆದ ವಾರ ಅಂಗಡಿಗೆ ಹೋದರೆ, ಮಂಜುಳಾ ಕನ್ನಡಿಗೆ ಮುಖ ಮಾಡಿ ನಿಂತಿದ್ದಳು. ಟೇಪನ್ನು ನನ್ನ ಕೈಗಿಟ್ಟಳು. “ನನ್ನ ಬ್ಲೌಸಿಗೆ ಅಳತೆ ತೊಗೊಳ್ಳಿ ಮಿಸ್.”

ಇಷ್ಟು ವರ್ಷ ನಮ್ಮೆಲ್ಲರ ಅಳತೆ ಬರೆದುಕೊಂಡವಳ ಅಳತೆಯನ್ನು ನಮ್ಮಲ್ಲಿ ಒಬ್ಬರಾದರೂ ಕೇಳಿದ್ದೆವೇ?