ಕಣದ ಅಯ್ಯಣ್ಣ

ಬಳ್ಳಾರಿಯ ಕೌಲ್ ಬಜಾರಿನಲ್ಲಿ ಅವನನ್ನು ಕೊಲಂಬೊ ಅಯ್ಯಣ್ಣ ಎನ್ನುತ್ತಿದ್ದರು. ಯಾರಾದರೂ ಬರೀ ಅಯ್ಯಣ್ಣ ಎಂದರೆ ಅವನೇ ತಿದ್ದುತ್ತಿದ್ದ. ತಿದ್ದಲಿ ಬಿಡಿ, ೧೯೪೫ರಲ್ಲಿ ದೇಶದ ತಂಡದೊಂದಿಗೆ ಸಮುದ್ರ ದಾಟಿ ಕೊಲಂಬೊದಲ್ಲಿ ಸಿಲೋನಿನವರ ಮೂರು ವಿಕೆಟ್ ಕಿತ್ತವನು. ಮರುವರ್ಷವೇ ಭುಜ ಹೋಯಿತು. ಉಳಿದದ್ದು ಅಂದು ತೊಟ್ಟ ಮೊಳೆಯ ಬೂಟು. ಅದಕ್ಕೆ ದಿನಾ ಬಿಳಿ ಬಳಿಯುತ್ತಿದ್ದ. ದೇವರಿಗೂ ಇಷ್ಟು ಸೇವೆ ಇಲ್ಲ ಎಂದು ಹೆಂಡತಿ ಜಂಬಮ್ಮ ಕಿಚಾಯಿಸುತ್ತಿದ್ದಳು.

೧೯೫೧ರಲ್ಲಿ ಸಿರುಗುಪ್ಪದ ಶಾಲೆಯೊಂದು ಅವನನ್ನು ಕೋಚ್ ಮಾಡಿಕೊಂಡಿತು. ಹೆಡ್‌ಮಾಸ್ತರರ ಕರಾರು ಒಂದೇ: ಸಂಕ್ರಾಂತಿಯೊಳಗೆ ಬಳ್ಳಾರಿ ತಂಡದ ಜೊತೆ ಒಂದು ಆಟ ಆಗಬೇಕು, ಇಲ್ಲವಾದರೆ ಕ್ರಿಕೆಟ್ಟೂ ಬಂದ್, ಕೋಚೂ ಮನೆಗೆ. ಆದರೆ ಅಲ್ಲಿನ ಎರೆಮಣ್ಣಿನಲ್ಲಿ ಪಿಚ್ಚಿಗೆ ಹಾಸುವ ಮ್ಯಾಟಿನ ಮೊಳೆ ನಿಲ್ಲಲಿಲ್ಲ. ಬಿರುಕಿಗೆ ಬಿದ್ದ ಚೆಂಡು ಏಳಲಿಲ್ಲ. ತಲೆಯ ಮೇಲೆ ಕೈ ಹೊತ್ತು ಕೂತವನ ಮುಂದೆ ಈರಮ್ಮ ಬಂದು ನಿಂತಳು. ಊರಿನ ಕಾಳು ಒಕ್ಕುವ ಕಣಗಳನ್ನೆಲ್ಲ ಹದ ಮಾಡುತ್ತಿದ್ದ ಮುದುಕಿ ಅವಳು.

"ಜ್ವಾಳದ ಕಾಳು ಬಿರುಕಿಗೆ ಬೀಳದಂಗ ಕಣ ಮಾಡ್ತೀನಿ. ನಿಮ್ಮ ಚೆಂಡೇನು ಮಹಾ, ಮಾಸ್ತರ?"

ಕುರುಗೋಡಿನಿಂದ ಕೆಮ್ಮಣ್ಣು ತರಿಸಿದಳು. ಹೊಟ್ಟು ಕಲಸಿ, ಎತ್ತಿನಿಂದ ತುಳಿಸಿ, ಕಲ್ಲುಗುಂಡು ಎಳೆಸಿ, ಹದಿನೈದು ದಿನ ಸಗಣಿ ಸಾರಿಸಿದಳು. ಚೆಂಡು ಎದೆಮಟ್ಟ ಪುಟಿಯಿತು. ಅಯ್ಯಣ್ಣ ಮುದುಕಿಯ ಕಾಲಿಗೆ ಬೀಳುವುದೊಂದು ಬಾಕಿ.

ಆಟದ ದಿನ ಬಳ್ಳಾರಿಯವರು ಮೊಳೆಯ ಬೂಟು ಬಿಗಿದು ಬಂದರು. ಈರಮ್ಮ ಅಡ್ಡ ನಿಂತಳು. ಕಣದೊಳಗೆ ಲಕ್ಷ್ಮಿ ಇರುತ್ತಾಳೆ, ಕಾಲ್ಮರಿ ಮೆಟ್ಟಿ ಯಾರೂ ಇಳಿಯಕೂಡದು ಎಂದಳು. ಇದು ಕಣವಲ್ಲ, ಪಿಚ್ಚು ಎಂದು ಹೆಡ್‌ಮಾಸ್ತರರು ತಿಳಿಹೇಳಿದರೂ ಜಗ್ಗಲಿಲ್ಲ. ಬಳ್ಳಾರಿಯ ನಾಯಕ, ಬರಿಗಾಲಲ್ಲಿ ಆಡುವುದು ದನ ಕಾಯುವವರು ಎಂದು ನಕ್ಕು ಹೊರಟೇಬಿಟ್ಟ. ಅವನು ಹೋದರೆ ಅಯ್ಯಣ್ಣನ ಕೆಲಸವೂ ಹೋದಂತೆ. ಮುದುಕಿಯನ್ನು ಪಕ್ಕಕ್ಕೆ ಸರಿಸಿದ್ದರೆ ಮುಗಿದಿತ್ತು. ಹೆಡ್‌ಮಾಸ್ತರರು ಅದನ್ನೇ ಕಣ್ಸನ್ನೆಯಲ್ಲಿ ಹೇಳಿದರು.

ಅಯ್ಯಣ್ಣ ನೆಲದ ಮೇಲೆ ಕೂತು ತನ್ನ ಬೂಟು ಬಿಚ್ಚಿದ. ಗೆರೆಯ ಆಚೆ ಜೋಡಿಸಿಟ್ಟ.

"ಸಿಲೋನಿನವರ ಮುಂದ ಓಡಿದ ಬೂಟು ಇವು. ಇವೇ ಹೊರಗ ಅದಾವು. ನಿಮ್ಮವು ಏನು ಹೆಚ್ಚಿನವು?"

ನಾಯಕ ಆ ಬಿಳಿ ಬೂಟುಗಳನ್ನೇ ನೋಡಿದ. ನಗು ಇಳಿಯಿತು. ಬಗ್ಗಿ ಲೇಸು ಬಿಚ್ಚತೊಡಗಿದ. ಸಿರುಗುಪ್ಪದ ಹುಡುಗರಿಗಂತೂ ಬಿಚ್ಚಲು ಬೂಟೇ ಇರಲಿಲ್ಲ.

ಸಿರುಗುಪ್ಪ ಹನ್ನೊಂದು ರನ್ನಿಗೆ ಸೋತಿತು. ಈರಮ್ಮ ಕಣವನ್ನೆಲ್ಲ ಅಂಗೈಯಲ್ಲಿ ಸವರಿ ನೋಡಿದಳು. ಎಲ್ಲೂ ಬಿರಿದಿರಲಿಲ್ಲ. ಸೋಮವಾರ ಎಂದಿನಂತೆ ಪ್ರಾಕ್ಟೀಸು ಎಂದರು ಹೆಡ್‌ಮಾಸ್ತರರು.

ಎರಡು ವರ್ಷದ ಮೇಲೆ ಅವನ ಇಬ್ಬರು ಹುಡುಗರು ಜಿಲ್ಲಾ ತಂಡ ಸೇರಿದರು. ಬಳ್ಳಾರಿಯ ಸನ್ಮಾನ ಸಭೆಯಲ್ಲಿ ಒಬ್ಬರು ಅವನನ್ನು ಕೊಲಂಬೊ ಅಯ್ಯಣ್ಣ ಎಂದು ಪರಿಚಯಿಸಿದರು. ಅಯ್ಯಣ್ಣ ಎದ್ದು ನಿಂತ, ಹೆಮ್ಮೆಯಿಂದ ಎದೆ ತುಂಬಿತ್ತು. ಹಳೇ ಚಟ, ಸುಮ್ಮನಿರಲಾರದೆ ತಿದ್ದಿದ.

"ಸಿರುಗುಪ್ಪದ ಕಣದ ಅಯ್ಯಣ್ಣ ಅನ್ರಿ."